ಸಾಬೂನಿಗೂ ಕೈಗುಣವೇ?

ಉಪ್ಪಿನಕಾಯಿಗೆ ಬೂಷ್ಟು ಹಿಡಿದರೂ, ಮೊಸರು ಹೆಪ್ಪುಗಟ್ಟದಿದ್ದರೂ ದೂರು ಗೃಹಿಣಿಯ ಕೈಗುಣದ ಮೇಲೆ. ಮನೆಯಲ್ಲಿ ಸಾಬೂನು ಮಾಡುವವರಿಗೂ ಈ ಅಪವಾದ ತಪ್ಪಿದ್ದಲ್ಲ. ಹೋದ ಸಲ ನುಣುಪಾಗಿ ಬಂದ ಬಿಲ್ಲೆ ಈ ಸಲ ಪುಡಿಯಾಗುತ್ತದೆ, ಇಲ್ಲವೆ ಜಿಡ್ಡು ಬಿಡುತ್ತದೆ. ಪಾತ್ರೆ ಅದೇ, ಕೈಯೂ ಅದೇ. ಬದಲಾದುದು ಬಹುಮಟ್ಟಿಗೆ ಅಳತೆ.

ಎಣ್ಣೆಯು ಕಾಸ್ಟಿಕ್ ಸೋಡಾದೊಡನೆ ಕೂಡಿ ಸಾಬೂನೂ ಗ್ಲಿಸರಿನ್ನೂ ಆಗುತ್ತವೆ. ಆದರೆ ಎಲ್ಲ ಎಣ್ಣೆಗಳ ಹಸಿವೂ ಒಂದೇ ಅಲ್ಲ. 100 ಗ್ರಾಂ ಕೊಬ್ಬರಿ ಎಣ್ಣೆ ಸುಮಾರು 18 ಗ್ರಾಂ ಸೋಡಾ ಬೇಡಿದರೆ, ಅಷ್ಟೇ ಕಡಲೆಕಾಯಿ ಎಣ್ಣೆಗೆ ಹದಿಮೂರುವರೆ ಗ್ರಾಂ ಸಾಕು. ಹರಳೆಣ್ಣೆಗೆ ಇನ್ನೂ ತುಸು ಕಡಮೆ. ಕೊಬ್ಬರಿ ಎಣ್ಣೆ ಸಾಲದೆಂದು ಅರ್ಧ ಭಾಗ ಕಡಲೆಕಾಯಿ ಎಣ್ಣೆ ಬೆರೆಸಿ, ಸೋಡಾವನ್ನು ಹಿಂದಿನಷ್ಟೇ ಹಾಕಿದರೆ, ಪ್ರತಿ 100 ಗ್ರಾಂ ಎಣ್ಣೆಗೆ ಎರಡು ಗ್ರಾಮಿಗೂ ಮಿಕ್ಕ ಸೋಡಾ ಬಿಲ್ಲೆಯಲ್ಲೇ ಉಳಿಯುತ್ತದೆ. ಕೂಸಿನ ಮೈಗೆ ಹಚ್ಚುವ ಸಾಬೂನಿನಲ್ಲಿ ಇದು ಸಣ್ಣ ಮಾತಲ್ಲ. ಎಳೆಯ ಚರ್ಮ ಕೆಂಪೇರಿ ಉರಿಯುತ್ತದೆ.

ಚಮಚದ ಅಳತೆಯೂ ನಂಬಲರ್ಹವಲ್ಲ. ಚಕ್ಕೆಯಂಥ ಸೋಡಾಕ್ಕಿಂತ ಕಾಳಿನಂಥ ಸೋಡಾ ಅದೇ ಚಮಚದಲ್ಲಿ ಹೆಚ್ಚು ತೂಗುತ್ತದೆ. ಆದ್ದರಿಂದ ಎಣ್ಣೆ, ನೀರು, ಸೋಡಾ ಮೂರನ್ನೂ ತೂಕ ಮಾಡಿಯೇ ಬಳಸಬೇಕು.

ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ತಕ್ಕಡಿಯೂ ಸುಳ್ಳು ಹೇಳುತ್ತದೆ. ಸೋಡಾ ಗಾಳಿಯ ತೇವವನ್ನು ಹೀರಿ ಭಾರವಾಗುತ್ತದೆ. ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಒಂದಷ್ಟು ಭಾಗ ಕಾರ್ಬೊನೇಟಾಗಿ ಕಸುವು ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾಗಿ ಬಂದ ಸಾಬೂನು ಮಳೆಗಾಲದಲ್ಲಿ ಅದೇ ತೂಕಕ್ಕೆ ಮೆತ್ತಗೆ ಜಿಡ್ಡಾಗಿ ಬರಲು ಇದೂ ಒಂದು ಕಾರಣ.

ಸುವಾಸನೆಗೆಂದು ಲವಂಗದೆಣ್ಣೆ ಹಾಕುವವರು ಕೈ ಚುರುಕು ಮಾಡಬೇಕು. ಅಚ್ಚಿಗೆ ಸುರಿಯುವ ಮೊದಲೇ ಮಿಶ್ರಣ ಗಟ್ಟಿಯಾದೀತು.

ಸೋಡಾವನ್ನು ನಿಧಾನವಾಗಿ ತಣ್ಣೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನಂತೂ ಮುಟ್ಟಲೇಬಾರದು. ಸೋಡಾ ಅದನ್ನು ತಿಂದುಹಾಕುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲಿ. ಮಕ್ಕಳು ಅಡಿಗೆಮನೆಯಿಂದ ಹೊರಗಿರಲಿ.

ಕೊಯ್ದ ಬಿಲ್ಲೆಗಳನ್ನು ಗಾಳಿಯಾಡುವ ನೆರಳಿನಲ್ಲಿ ನಾಲ್ಕರಿಂದ ಆರು ವಾರ ಒಣಗಿಸಬೇಕು. ಜಡಿಮಳೆಯ ದಿನಗಳಲ್ಲಿ ಇನ್ನೂ ಒಂದೆರಡು ವಾರ ಹಿಡಿದೀತು. ಎರಡನೆಯ ವಾರಕ್ಕೇ ಬಚ್ಚಲಿಗೆ ಕೊಂಡೊಯ್ದ ಬಿಲ್ಲೆ ನಾಲ್ಕು ಸ್ನಾನಕ್ಕೆ ಕರಗಿಹೋದರೆ ಅದು ಸಾಬೂನಿನ ತಪ್ಪಲ್ಲ.