ಪೂಜೆಯ ಹಾವುಗೆ ತೋಟಕ್ಕೂ ಬರಲಿ

ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಎಷ್ಟು ಗೊಬ್ಬರ, ಎಷ್ಟು ನೀರು, ಕೊಯ್ಲಿಗೆ ಎಷ್ಟು ಆಳು ಎಂಬ ಲೆಕ್ಕವನ್ನು ನಮ್ಮ ಸದಸ್ಯರು ಬಾಯಲ್ಲೇ ಹೇಳಬಲ್ಲರು. ಪಂಪಿನ ಮೋಟಾರು ಸುಟ್ಟರೆ ಅದೇ ದಿನ ರಿಪೇರಿಗೆ ಹೊತ್ತುಕೊಂಡು ಹೋಗುತ್ತೇವೆ. ಆದರೆ ಬೆಳಗಿನಿಂದ ಬೈಗಿನವರೆಗೆ ತೋಟದಲ್ಲಿ ಓಡಾಡುವ ಕಾಲುಗಳ ಲೆಕ್ಕ ಯಾವ ಪುಸ್ತಕದಲ್ಲಿಯೂ ಇಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ತೋಟಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರು ಇಂದಿಗೂ ಇದ್ದಾರೆ. ಇನ್ನು ಕೆಲವರ ಕಾಲಿನಲ್ಲಿ ಹಿಮ್ಮಡಿ ಸವೆದ ಹವಾಯಿ ಚಪ್ಪಲಿ. ಆದ್ದರಿಂದ ಈ ಸಂಚಿಕೆಯಲ್ಲಿ ನಾವು ಧಾರಣೆಯ ವಿಚಾರವನ್ನು ಬದಿಗಿಟ್ಟು ಕಾಲಿನ ವಿಚಾರವನ್ನು, ಅದರಲ್ಲಿಯೂ ಮರದ ಅಟ್ಟೆಯ ಪಾದರಕ್ಷೆಯ ವಿಚಾರವನ್ನು, ಸದಸ್ಯರ ಮುಂದಿಡಲು ಇಚ್ಛಿಸುತ್ತೇವೆ.

ಮರದ ಪಾದರಕ್ಷೆ ನಮಗೆ ಹೊಸದಲ್ಲ. ಹಾವುಗೆ ಎಂಬ ಮಾತೇ ಕನ್ನಡದಲ್ಲಿದೆ. ಭರತನು ಹದಿನಾಲ್ಕು ವರ್ಷ ರಾಮನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು ರಾಜ್ಯವಾಳಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಶೃಂಗೇರಿಯ ಜಗದ್ಗುರುಗಳ ಪಾದುಕಾಪೂಜೆ ಪ್ರಸಿದ್ಧವಾದದ್ದು. ಮಠಗಳ ಸ್ವಾಮಿಗಳು ಹಾವುಗೆ ಮೆಟ್ಟಿ ಬರುವ ಟಕಟಕ ಸದ್ದು ನಮ್ಮ ಜಿಲ್ಲೆಯ ಜನಕ್ಕೆ ಅಪರಿಚಿತವಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಕೆರ, ಎಕ್ಕಡ, ಮೆಟ್ಟು ಎಂಬ ಮಾತುಗಳು ನಮ್ಮ ಕಡೆ ಬೈಗುಳಕ್ಕೆ ಒದಗುವುದೇ ಹೆಚ್ಚು. ಹಾವುಗೆ, ಪಾದುಕೆ ಎಂಬ ಮಾತುಗಳು ಪೂಜೆಗೆ ಮೀಸಲು. ಪಾದರಕ್ಷೆಯನ್ನು ಒಂದೋ ತಲೆಯ ಮೇಲಿಟ್ಟೆವು, ಇಲ್ಲವೇ ಹೊಸಿಲಾಚೆಗೆ ತಳ್ಳಿದೆವು. ಗುದ್ದಲಿ, ಮಚ್ಚುಗಳ ಹಾಗೆ ಅದೂ ದುಡಿಮೆಯ ಒಂದು ಸಲಕರಣೆ ಎಂದು ಎಣಿಸಲೇ ಇಲ್ಲ.

ಹಾಗೆ ಎಣಿಸಿದ ದೇಶಗಳಿವೆ. ಯೂರೋಪಿನ ಉತ್ತರದಲ್ಲಿರುವ ಸ್ವೀಡನ್ ಅವುಗಳಲ್ಲೊಂದು. ಇಂದು ಅದು ಸಿರಿವಂತ ದೇಶ. ಆದರೆ 19ನೆಯ ಶತಮಾನದಲ್ಲಿ ಅಲ್ಲಿ ಬಡ ಒಕ್ಕಲುಮಕ್ಕಳೇ ಹೆಚ್ಚು. ಆ ಶತಮಾನದ ನಡುವಿನಿಂದ 20ನೆಯ ಶತಮಾನದ ಮೊದಲ ದಶಕಗಳವರೆಗೆ ಹತ್ತು ಲಕ್ಷಕ್ಕೂ ಮಿಕ್ಕಿದ ಜನ ಊರು ಬಿಟ್ಟು ಅಮೆರಿಕಕ್ಕೆ ಗುಳೆ ಹೋದರು. ಆ ರೈತರು, ಕೂಲಿಕಾರರು ಕೆಸರಿನಲ್ಲಿ, ಕೊಟ್ಟಿಗೆಯಲ್ಲಿ, ಕಾರ್ಖಾನೆಯಲ್ಲಿ ಮೆಟ್ಟಿದ್ದು ಮರದ ಜೋಡು. ಅವರ ನುಡಿಯಲ್ಲಿ ಅದಕ್ಕೆ ‘ತ್ರೆಸ್ಕೊ’ ಎನ್ನುತ್ತಾರೆ. ಮರದ ಜೋಡು ಎಂದೇ ಅದರ ಅರ್ಥ. ಹಾಲೆಂಡಿನವರು ಪಾಪ್ಲರ್ ಇಲ್ಲವೇ ವಿಲೋ ಮರವನ್ನು ಕೊರೆದು ಇಡೀ ಜೋಡನ್ನೇ ಮರದಲ್ಲಿ ಮಾಡಿದರೆ, ಸ್ವೀಡನ್ನಿನ ಹೆಸರಾದ ಜೋಡಿನಲ್ಲಿ ಅಟ್ಟೆ ಮಾತ್ರ ಮರದ್ದು. ಮೇಲಿನದು ದಪ್ಪ ಚರ್ಮ. ಅದನ್ನು ಅಟ್ಟೆಯ ಅಂಚಿಗೆ ಸುತ್ತಲೂ ಮೊಳೆ ಹೊಡೆದು ಕೂರಿಸುತ್ತಾರೆ. ಅಟ್ಟೆಗೆ ಬಳಸುವುದು ಆಲ್ಡರ್ ಎಂಬ ಮರ. ಹಳ್ಳದ ದಡದಲ್ಲಿ, ತೇವದ ನೆಲದಲ್ಲಿ ಬೆಳೆಯುವ ಹಗುರವಾದ ಮರ ಅದು. 1970ರ ದಶಕದಲ್ಲಿ ಈ ಜೋಡು ದೇಶದೇಶಗಳಲ್ಲಿ ಷೋಕಿಯ ವಸ್ತುವಾಯಿತು. ಆದರೆ ದಿನವಿಡೀ ನಿಂತೇ ದುಡಿಯುವ ಆಸ್ಪತ್ರೆಯ ದಾದಿಯರು ಮತ್ತು ಅಡಿಗೆಯವರು ಅದನ್ನು ಮೆಟ್ಟಿದ್ದು ಷೋಕಿಗಲ್ಲ, ಅನುಕೂಲಕ್ಕೆ.

ಆ ಅನುಕೂಲ ಯಾವುದು? ಅದರ ಮಾಟವನ್ನು ನೋಡಿದರೆ ತಿಳಿಯುತ್ತದೆ. ನಮ್ಮ ಹಾವುಗೆಗೆ ಮುಂದೆ ಒಂದು ಗುಬಟು. ಅದನ್ನು ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನಿಂದ ಬಿಗಿಹಿಡಿದು ನಡೆಯಬೇಕು. ಮಠದ ಅಂಗಳದಲ್ಲಿ ನಿಧಾನವಾಗಿ ನಡೆಯುವವರಿಗೆ ಅದು ಸರಿ, ಬುಟ್ಟಿ ಹೊರುವವರಿಗೆ ಆಗದು. ಸ್ವೀಡನ್ನಿನ ಜೋಡಿನಲ್ಲಿ ಹಿಡಿಯುವ ಕೆಲಸವನ್ನು ಬೆರಳಿಗೆ ಬದಲಾಗಿ ಚರ್ಮ ಮಾಡುತ್ತದೆ. ಪಾದ ಕೂರುವಷ್ಟು ತಗ್ಗನ್ನು ಅಟ್ಟೆಯಲ್ಲೇ ಕೆತ್ತಿರುತ್ತಾರೆ. ಮರ ಬಾಗುವುದಿಲ್ಲವಾದ್ದರಿಂದ ಅಟ್ಟೆಯ ಮುಂತುದಿಯನ್ನು ತೊಟ್ಟಿಲ ಕಾಲಿನಂತೆ ಮೇಲಕ್ಕೆ ತಿರುಗಿಸಿರುತ್ತಾರೆ. ಹೆಜ್ಜೆ ಹಾಕಿದರೆ ಅದು ತಾನೇ ಮುಂದಕ್ಕೆ ಉರುಳುತ್ತದೆ. ಹಿಮ್ಮಡಿಯ ಕಡೆ ತೆರೆದಿರುವುದರಿಂದ ಗಾಳಿಯಾಡುತ್ತದೆ. ಮರವು ಬೆವರನ್ನು ಹೀರಿ ಹೊರಗೆ ಬಿಡುತ್ತದೆ. ಬಿಸಿಯನ್ನೂ ತಣ್ಣಗನ್ನೂ ಬೇಗ ಮೇಲೇರಗೊಡುವುದಿಲ್ಲ. ಅಟ್ಟೆ ಸವೆದರೆ ಬದಲಿಸಬಹುದು, ಚರ್ಮ ಹರಿದರೆ ಹೊಲಿಸಬಹುದು.

ಇನ್ನು ನಮ್ಮ ನೆಲವನ್ನು ನೋಡೋಣ. ಶಿರಾ ಪಾವಗಡಗಳ ಕಡೆ ಬದುವಿನಲ್ಲಿ, ಬೇಲಿಯಲ್ಲಿ ಬಳ್ಳಾರಿ ಜಾಲಿ. ಅದರ ಮುಳ್ಳು ಹವಾಯಿ ಚಪ್ಪಲಿಯನ್ನು ಸೀಳಿಕೊಂಡು ಪಾದಕ್ಕೆ ಇಳಿಯುತ್ತದೆ ಎಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಎರಡು ಬೆರಳು ದಪ್ಪದ ಮರವನ್ನು ಅದು ದಾಟಲಾರದು. ದೋಟಿ ಹಿಡಿದು ಗೊನೆ ಇಳಿಸುವವನ ಕಣ್ಣು ಮೇಲಿರುತ್ತದೆ. ಕೆಳಗೆ ಕಳೆ ಕೊಯ್ದ ಕೂಳೆಯಿದೆಯೋ, ಒಡೆದ ಬಾಟಲಿಯಿದೆಯೋ ಅವನು ನೋಡಲಾರ. ಅವನ ಕಾಲಿಗೆ ಕಣ್ಣಿಲ್ಲ, ಕಾವಲಾದರೂ ಇರಬೇಕಲ್ಲವೆ?

ಕೊರಟಗೆರೆ, ಮಧುಗಿರಿಗಳ ನೀರಾವರಿ ತೋಟಗಳ ತೊಂದರೆ ಬೇರೆ ಬಗೆಯದು. ನೆರಳು ಮತ್ತು ತೇವ ಎರಡೂ ಇರುವ ಮಣ್ಣು ಅಡಿಕೆಗೆ ಹೇಗೆ ಒಳ್ಳೆಯದೋ ಕೊಕ್ಕೆಹುಳುವಿಗೂ ಹಾಗೆಯೇ ಒಳ್ಳೆಯದು. ಅಡಿಕೆಯ ಸಾಲಿನಲ್ಲಿ ಕಾಫಿ ಇಟ್ಟವರ ತೋಟದಲ್ಲಿ ನೆರಳು ಮತ್ತಷ್ಟು ದಟ್ಟ. ಬಯಲಿನಲ್ಲಿ ಮಲವಿಸರ್ಜನೆ ಮಾಡಿದ ಕಡೆ ಈ ಹುಳುವಿನ ಮರಿಗಳು ಮಣ್ಣಿನಲ್ಲಿ ಬೆಳೆದು, ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಆಳು ಸೋಮಾರಿ, ಕೈ ಓಡುವುದಿಲ್ಲ ಎಂದು ನಾವು ಗೊಣಗುವಾಗ ಅವರ ಮೈಯಲ್ಲಿ ರಕ್ತವೇ ಕಡಿಮೆ ಇರಬಹುದು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ 1909ರಲ್ಲಿ ರಾಕ್‌ಫೆಲರ್ ಆಯೋಗವು ಕೊಕ್ಕೆಹುಳುವಿನ ವಿರುದ್ಧ ಕೆಲಸ ಆರಂಭಿಸಿದಾಗ ಔಷಧಿಯ ಜೊತೆಗೆ ಒತ್ತಿ ಹೇಳಿದ್ದು ಎರಡೇ ಮಾತು: ಕಕ್ಕಸು ಕಟ್ಟಿಸಿ, ಜೋಡು ಮೆಟ್ಟಿ. ನಮ್ಮ ದೇಶದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಾತ್ರೆ ಕೊಡುತ್ತಿದ್ದಾರೆ. ಆದರೆ ಅದು 1ರಿಂದ 19 ವರ್ಷದವರಿಗೆ. ತೋಟದಲ್ಲಿ ದುಡಿಯುವ ತಾಯಂದಿರು ಆ ಲೆಕ್ಕಕ್ಕೆ ಬರುವುದಿಲ್ಲ.

ಕೊಯ್ಲಿನ ಕಾಲದ ಅಡಿಕೆ ಮನೆಯನ್ನೂ ನೆನೆಯಬೇಕು. ಹಂಡೆ ಇಳಿಸುವಾಗ ಚೆಲ್ಲುವ ಕುದಿಯುವ ಚೊಗರು, ಒಲೆಯ ಬಾಯಿಂದ ಸಿಡಿಯುವ ಕೆಂಡ, ಬಿಸಿಲಿಗೆ ಕಾದ ಸಿಮೆಂಟು ಕಣ ಇವುಗಳ ನಡುವೆ ಹೆಂಗಸರು ಗಂಡಸರು ಓಡಾಡುತ್ತಾರೆ. ಕಣಕ್ಕೆ ಮೆಟ್ಟು ಹಾಕಿಕೊಂಡು ಹೋಗಬಾರದು ಎಂಬ ನಂಬಿಕೆಯನ್ನು ನಾವು ಗೌರವಿಸುತ್ತೇವೆ. ಒಣಹಾಕಿದ ಅಡಿಕೆಯ ಮೇಲೆ ಬೀದಿಯ ಕೊಳೆ ಬೀಳಬಾರದೆಂಬ ತಿಳಿವಳಿಕೆ ಅದರಲ್ಲಿದೆ. ಅದಕ್ಕೆ ಉಪಾಯ ಸುಲಭ. ಆಸ್ಪತ್ರೆಯ ಆಪರೇಷನ್ ಕೋಣೆಗೆ ಬೇರೆ ಚಪ್ಪಲಿ ಇಡುವಂತೆ, ಕಣದ ಬಾಗಿಲಲ್ಲಿ ಕಣಕ್ಕೆಂದೇ ಮರದ ಮೆಟ್ಟುಗಳನ್ನು ತೊಳೆದು ಇಡಬಹುದು.

ಹೊಗಳಿದ್ದಾಯಿತು, ಅದರ ಮಿತಿಯನ್ನೂ ಹೇಳಬೇಕು. ಒದ್ದೆ ಸಿಮೆಂಟಿನ ಮೇಲೆ ಬರಿ ಮರ ಜಾರುತ್ತದೆ. ಆದ್ದರಿಂದಲೇ ಸ್ವೀಡನ್ನಿನವರು ಈಗ ಅಟ್ಟೆಯ ತಳಕ್ಕೆ ರಬ್ಬರು ಹಾಕುತ್ತಾರೆ. ನಮಗೆ ಹಳೆಯ ಟೈರಿನ ಪಟ್ಟಿ ಸಾಕು. ಟೈರಿನ ಮೆಟ್ಟು ಹೊಲಿಯುವ ಕೈಗಳು ನಮ್ಮ ಸಂತೆಗಳಲ್ಲೇ ಇವೆ. ಮರ ಹತ್ತುವವನು ಇದನ್ನು ಬಿಚ್ಚಿಟ್ಟು ತಳೆ ಕಟ್ಟಿಯೇ ಹತ್ತಬೇಕು. ಇಳಿಜಾರಿನ ದಾರಿಯಲ್ಲಿ, ಏರಿಯ ಮೇಲೆ, ಇದು ಹೇಳಿಸಿದ್ದಲ್ಲ. ಔಷಧಿ ಹೊಡೆಯುವವರಿಗೆ ರಬ್ಬರ್ ಬೂಟೇ ಬೇಕು. ಹಾವಿನ ವಿಚಾರದಲ್ಲಂತೂ ಯಾರೂ ಮೋಸಹೋಗಬಾರದು. ಕಡಿತ ಹೆಚ್ಚಾಗಿ ಬೀಳುವುದು ಪಾದಕ್ಕೆ ಮತ್ತು ಕಣಕಾಲಿಗೆ. ಹಿಮ್ಮಡಿ ತೆರೆದ ಜೋಡು ಅರ್ಧ ಕಾವಲು ಮಾತ್ರ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕದ್ದೆಂದು ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಘೋಷಿಸಿರುವುದನ್ನು ನೋಡಿದರೆ ಅದರ ತೀವ್ರತೆ ತಿಳಿದೀತು. ರಾತ್ರಿ ಕರೆಂಟು ಬಂದಾಗ ನೀರು ತಿರುಗಿಸಲು ಹೋಗುವವರು ಮೊಣಕಾಲಿನ ಹತ್ತಿರದವರೆಗೆ ಬರುವ ಬೂಟು ಮತ್ತು ಬ್ಯಾಟರಿ ಇಲ್ಲದೆ ಹೊರಡಕೂಡದು. ಹಗಲಿನ ಕೆಲಸಕ್ಕೆ, ಅಡಿಕೆ ಮನೆಗೆ, ಕೊಟ್ಟಿಗೆಗೆ, ಸಮತಟ್ಟಾದ ತೋಟಕ್ಕೆ ಮರದ ಅಟ್ಟೆ ಹೇಳಿಮಾಡಿಸಿದಂತಿದೆ.

ಬರಿಗಾಲಿಗೆ ಬಡತನವೊಂದೇ ಕಾರಣವಲ್ಲ. ಗೌಡರ ಬೀದಿಯಲ್ಲಿ ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಮೆಟ್ಟು ಹೊಲಿದವರೇ ಮೆಟ್ಟು ಮೆಟ್ಟುವ ಹಾಗಿರಲಿಲ್ಲ. ಬಸವಣ್ಣನವರಿಗಾಗಿ ತನ್ನ ಮತ್ತು ಮಡದಿಯ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದ ಹರಳಯ್ಯನ ಕಥೆಯನ್ನು ಜಯಂತಿಗಳಲ್ಲಿ ಕೇಳಿ ಕಣ್ಣೀರು ಒರೆಸಿಕೊಳ್ಳುವ ನಾವು, ನಮ್ಮ ತೋಟಕ್ಕೆ ಬರುವ ಹರಳಯ್ಯನ ಮಕ್ಕಳ ಪಾದವನ್ನು ನೋಡಿದ್ದೇವೆಯೆ? ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಮೆಟ್ಟದಂತೆ ಪರಿಶಿಷ್ಟರನ್ನು ತಡೆಯುವುದು ಅಪರಾಧವೆಂದು ದೌರ್ಜನ್ಯ ತಡೆ ಕಾಯಿದೆಗೆ 2015ರ ತಿದ್ದುಪಡಿಯಲ್ಲಿ ಬಿಡಿಸಿ ಬರೆಯಬೇಕಾಯಿತು. 2016ರ ಜನವರಿಯಿಂದ ಅದು ಜಾರಿಯಲ್ಲಿದೆ. ಕಾಯಿದೆ ತಡೆಯಬೇಡಿ ಎನ್ನುತ್ತದೆ. ಕೊಡಿ ಎಂದು ಹೇಳುವುದು ನಮ್ಮ ಮನಸ್ಸು. ಧಣಿಯು ತಾನೇ ಮುಂದಾಗಿ ಒಂದು ಜೊತೆ ಮೆಟ್ಟನ್ನು ಕೊಟ್ಟು, ಮೆಟ್ಟಿಕೊಂಡೇ ಕೆಲಸ ಮಾಡಿ ಎಂದರೆ ಆಗುವ ಬದಲಾವಣೆ ಕಾಲಿಗೆ ಮಾತ್ರ ಸೀಮಿತವಾಗಲಾರದು.

ಮಾಡುವವರು ಯಾರು? ಸ್ವೀಡನ್ನಿನಿಂದ ತರಿಸಬೇಕಾದ್ದೇನೂ ಇಲ್ಲ. ಅಟ್ಟೆಗೆ ಬಡಗಿ, ಮೇಲ್ಭಾಗಕ್ಕೆ ಚರ್ಮಕುಶಲಿ, ತಳಕ್ಕೆ ಹಳೆಯ ಟೈರು. ಮೂರೂ ತಾಲ್ಲೂಕು ಕೇಂದ್ರದಲ್ಲೇ ಸಿಕ್ಕುತ್ತವೆ. ಚರ್ಮಕುಶಲಿಗಳಿಗಾಗಿಯೇ 1976ರಲ್ಲಿ ಸ್ಥಾಪನೆಯಾದ ಲಿಡ್ಕರ್ ನಿಗಮವಿದೆ. ಅದರ ನೆರವನ್ನು ಕೇಳಬಹುದು. ಮರದ ವಿಚಾರಕ್ಕೆ ಬಂದರೆ, ಮುದಿ ಅಡಿಕೆ ಮರ ಇದಕ್ಕೆ ಒದಗದು. ಅದರ ಹೊರಗೆ ಗಟ್ಟಿ, ಒಳಗೆ ಬೆಂಡು, ನಾರು ಉದ್ದಕ್ಕೆ ಸೀಳುತ್ತದೆ. ಚನ್ನಪಟ್ಟಣದವರು ಗೊಂಬೆಗೆ ಬಳಸುವ ಆಲೆ ಮರ ಹಗುರವಾದದ್ದು. ನಮ್ಮ ಬದುಗಳಲ್ಲಿ ಹೆಬ್ಬೇವು ಇದೆ, ಕಾಫಿ ಸೀಮೆಯಲ್ಲಿ ಸಿಲ್ವರ್ ಓಕ್ ಇದೆ. ಚೆನ್ನಾಗಿ ಒಣಗಿದ ಮರವಾಗಿರಬೇಕು ಎಂಬುದೊಂದೇ ಕಟ್ಟುನಿಟ್ಟು. ಹಸಿ ಮರದ ಅಟ್ಟೆ ಮೊದಲ ಬೇಸಗೆಗೇ ಬಿರುಕು ಬಿಡುತ್ತದೆ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಪ್ರತಿ ತಾಲ್ಲೂಕಿಗೆ 5 ಜೊತೆಯಂತೆ ಒಟ್ಟು 20 ಜೊತೆಗಳನ್ನು ಸಂಘದ ಖರ್ಚಿನಲ್ಲಿ ಮಾಡಿಸಿ, ಅರ್ಧವನ್ನು ಹೆಂಗಸರ ಅಳತೆಯಲ್ಲಿಯೇ ಮಾಡಿಸಿ, ಒಂದು ಕೊಯ್ಲು ಪೂರ್ತಿ ಮೆಟ್ಟಿ ನೋಡಲು ಕೊಡೋಣ. ಒಪ್ಪಬೇಕಾದವರು ಮೆಟ್ಟಿ ದುಡಿದವರೇ ಹೊರತು ಆಡಳಿತ ಮಂಡಳಿಯಲ್ಲ. ಅವರು ಒಪ್ಪಿದರೆ ಸಂಘದ ಮಳಿಗೆಯಲ್ಲಿ ಗೊಬ್ಬರದ ಚೀಲದ ಪಕ್ಕದಲ್ಲಿಯೇ ಮೆಟ್ಟುಗಳನ್ನು ಮಾರಾಟಕ್ಕಿಡೋಣ, ಅದರ ಬೆಲೆಯನ್ನು ಬೆಳೆ ಸಾಲದ ಲೆಕ್ಕಕ್ಕೆ ಸೇರಿಸೋಣ. ಒಪ್ಪದಿದ್ದರೆ ಅವರು ಕೇಳಿದ ಬೇರೆ ಜೋಡನ್ನು ತರಿಸೋಣ; ಬರಿಗಾಲಂತೂ ಬೇಡ. ಈ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ಸೇರಿಸಲಿದ್ದೇವೆ. ಸದಸ್ಯರು ಸಭೆಗೆ ಬರುವ ಮುನ್ನ ತಮ್ಮ ತೋಟದಲ್ಲಿ ಎಷ್ಟು ಜನ ಬರಿಗಾಲಿನಲ್ಲಿ ದುಡಿಯುತ್ತಾರೆಂದು ಎಣಿಸಿಕೊಂಡು ಬರಬೇಕೆಂದು ಕೋರುತ್ತೇವೆ.