ಅಟ್ಟ ಮಾರಾಟಕ್ಕಿದೆ.. ಬೀದಿ ಉಚಿತ!

ಮೊನ್ನೆ ಭಾನುವಾರ ಕಾಫಿ ಹೀರುತ್ತಾ ಪೇಪರ್ ಬಿಡಿಸಿದರೆ ಮುಖಪುಟವೇ ನಾಪತ್ತೆ. ಇಡೀ ಪುಟ ಒಂದೇ ಜಾಹೀರಾತು. ಮಲ್ಲೇಶ್ವರದಲ್ಲಿ ಐಷಾರಾಮಿ ಲಾಫ್ಟ್ ಅಪಾರ್ಟ್‌ಮೆಂಟು ಮಾರಾಟಕ್ಕಿದೆಯಂತೆ. ಎರಡಾಳೆತ್ತರದ ಸೂರು, ಇಟ್ಟಿಗೆ ಕಾಣುವ ಗೋಡೆ, ಗೋಡೆಯಗಲದ ಗಾಜಿನ ಕಿಟಕಿ. ಕೆಳಗೆ ದಪ್ಪಕ್ಷರದಲ್ಲಿ 'ವೈಬ್ರೆಂಟ್ ನೇಬರ್‌ಹುಡ್'. ಬೆಲೆ ಮಾತ್ರ ಕೇಳಿದವರಿಗಷ್ಟೇ ಹೇಳ್ತಾರಂತೆ!

ಲಾಫ್ಟ್ ಅನ್ನೋ ಪದ ನೋಡಿ ನಗು ಬಂತು. ನಮ್ಮನೇಲಿ ಲಾಫ್ಟ್ ಅಂದ್ರೆ ಅಡುಗೆಮನೆ ಬಾಗಿಲ ಮೇಲಿನ ಅಟ್ಟ. ದಸರಾ ಗೊಂಬೆ ಪೆಟ್ಟಿಗೆ, ಅಜ್ಜಿ ಕಾಲದ ಹಿತ್ತಾಳೆ ಕೊಳಗ, ಹ್ಯಾಂಡಲ್ ಕಿತ್ತುಹೋದ ಸೂಟ್‌ಕೇಸು, ಎಲ್ಲದರ ಮೇಲೂ ಒಂದು ಬೆರಳು ಧೂಳು. ಆ ಅಟ್ಟಕ್ಕೂ ಕಾಲ ಬಂತಲ್ಲ ಅಂತ ಖುಷಿಪಟ್ಟೆ :-)

ಆದರೆ ಈ ಲಾಫ್ಟ್‌ನ ಕತೆ ನಗುವಂಥದ್ದಲ್ಲ.

ನ್ಯೂಯಾರ್ಕಿನ ಸೋಹೋದಲ್ಲಿ ಹತ್ತೊಂಬತ್ತನೇ ಶತಮಾನದ ಎರಕದ ಕಬ್ಬಿಣದ ಕಟ್ಟಡಗಳಿವೆ. ಒಂದು ಕಾಲಕ್ಕೆ ಅವು ಕಾರ್ಖಾನೆ, ಗೋದಾಮುಗಳು. ಕಾರ್ಖಾನೆಗಳು ಒಂದೊಂದಾಗಿ ಖಾಲಿಯಾದಾಗ ದುಡ್ಡಿಲ್ಲದ ಕಲಾವಿದರು ಆ ಖಾಲಿ ಮಹಡಿಗಳಿಗೆ ಬಂದು ಸೇರಿಕೊಂಡರು. ದೊಡ್ಡ ಕ್ಯಾನ್‌ವಾಸ್‌ಗೆ ಎತ್ತರದ ಸೂರು ಬೇಕಿತ್ತು, ಬಾಡಿಗೆ ಕಮ್ಮಿ ಇತ್ತು, ಅಷ್ಟೇ. ಅಲ್ಲಿ ವಾಸ ಮಾಡೋದು ಕಾನೂನುಬಾಹಿರ. ಬೆಂಕಿ ಬಿದ್ದರೆ ಒಳಗೆ ಮನುಷ್ಯರಿದ್ದಾರೆ ಅಂತ ಅಗ್ನಿಶಾಮಕದವರಿಗೆ ತಿಳಿಯಲಿ ಅಂತ ಬಾಗಿಲಲ್ಲಿ 'ಎ.ಐ.ಆರ್.' ಅಂತ ಬೋರ್ಡು ಹಾಕೋರು. ನಮ್ಮ ಆಕಾಶವಾಣಿಯಲ್ಲ, 'ಆರ್ಟಿಸ್ಟ್ ಇನ್ ರೆಸಿಡೆನ್ಸ್'! 1971ರಲ್ಲಿ ಕಲಾವಿದರಿಗೆ ಮಾತ್ರ ಅಲ್ಲಿ ವಾಸಕ್ಕೆ ಅನುಮತಿ ಸಿಕ್ಕಿತು. ಆಮೇಲೆ ಗ್ಯಾಲರಿಗಳು ಹೆಚ್ಚಿದವು, ಹಿಂದೆಯೇ ಬಟ್ಟೆ ಅಂಗಡಿಗಳು, ಅವುಗಳ ಹಿಂದೆ ಕೋಟ್ಯಧಿಪತಿಗಳು. ಬೀದಿಗೆ ಜೀವ ತಂದವರಲ್ಲಿ ಹೆಚ್ಚಿನವರಿಗೆ ಅಲ್ಲಿ ಮನೆ ಹಿಡಿಯೋ ಶಕ್ತಿಯೇ ಉಳಿಯಲಿಲ್ಲ. ಗ್ಯಾಲರಿಗಳೂ 1990ರ ದಶಕದಲ್ಲಿ ಚೆಲ್ಸಿಯ ಕಡೆಗೆ ಗಂಟುಮೂಟೆ ಕಟ್ಟಿದವು.

ಅಂದ್ರೆ ಲಾಫ್ಟ್ ಹುಟ್ಟಿದ್ದು ಬಡತನದಿಂದ. ಈಗ ಮಾರಾಟವಾಗ್ತಿರೋದು ಆ ಬಡತನದ ವೇಷ.

ನಮ್ಮಲ್ಲಿ ಇನ್ನೂ ತಮಾಷೆ. ಮಲ್ಲೇಶ್ವರದ ಅಂಚಿನಲ್ಲೇ ರಾಜಾ ಮಿಲ್ ಇತ್ತು. ನಿಜವಾದ ಕಾರ್ಖಾನೆ, ನಿಜವಾದ ಕಾರ್ಮಿಕರು. ಅದು ಹೋಗಿ ಅದರ ಜಾಗದಲ್ಲಿ 2010ರಲ್ಲಿ ಮಾಲ್ ಬಾಗಿಲು ತೆರೆಯಿತು. ನಿಜವಾದ ಮಿಲ್ ಒಡೆದುಹಾಕಿ, ಹೊಸ ಕಾಂಕ್ರೀಟಿನ ಮೇಲೆ ಇಟ್ಟಿಗೆಯಂಥ ಟೈಲ್ಸ್ ಅಂಟಿಸಿ ಹಳೇ ಮಿಲ್ ಥರ ಕಾಣೋ ಮನೆ ಮಾರೋ ಬುದ್ಧಿವಂತಿಕೆಗೆ ಏನನ್ನಬೇಕೋ!

ಇರಲಿ, ಟೈಲ್ಸ್ ಅವರದು, ದುಡ್ಡು ಕೊಳ್ಳುವವರದು. ನನ್ನ ತಕರಾರು ಆ ದಪ್ಪಕ್ಷರದ ಬಗ್ಗೆ. ಆ 'ಜೀವಂತಿಕೆ' ಯಾರಪ್ಪನ ಮನೆ ಆಸ್ತಿ? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನರಿಂದ ಬೆಳೆದ ಬಡಾವಣೆ ಇದು. ಅವತ್ತಿಂದ ಇಲ್ಲಿಗೆ ಜೀವ ತುಂಬಿದವರು ಎಂಟನೇ ಕ್ರಾಸಲ್ಲಿ ಕನಕಾಂಬರ ಮಾರೋರು, ಸಂಪಿಗೆ ರಸ್ತೆ ಫುಟ್‌ಪಾತಲ್ಲಿ ಸೊಪ್ಪು ಹರಡಿಕೊಂಡು ಕೂತೋರು, ವಠಾರಗಳಲ್ಲಿ ಒಂದೇ ನಲ್ಲಿಗೆ ಸಾಲು ನಿಂತೋರು. ಬಿಲ್ಡರ್ ಇದಕ್ಕೆ ಒಂದು ಪೈಸೆ ಹಾಕಿಲ್ಲ. ಆದರೆ ಚದರಡಿಗೆ ಇಷ್ಟು ಅಂತ ರೇಟ್ ಮಾತ್ರ ಅದನ್ನೂ ಸೇರಿಸಿಯೇ ಹಾಕ್ತಾನೆ.

ಕೊಂಡವರಾದರೂ ಆ ಜೀವಂತಿಕೆ ಉಳಿಸ್ಕೋತಾರಾ? ನಾನು ಬಾಡಿಗೆಗಿದ್ದ ವಠಾರ ಹೋಗಿ ಅಪಾರ್ಟ್‌ಮೆಂಟ್ ಎದ್ದಿತು. ನಾನು ಎರಡು ಬೀದಿ ಆಚೆ ಮನೆ ಮಾಡಿದೆ. ಆ ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ ಮಾತ್ರ ಅಲ್ಲೇ ಇದ್ದರು. ವರ್ಷ ತುಂಬೋದರೊಳಗೆ ಅಲ್ಲಿನ ನಿವಾಸಿಗಳು ದೂರು ಕೊಟ್ಟರು. ಗೇಟಿಗೆ ಅಡ್ಡ, ಗಲೀಜು, ಗಲಾಟೆ. ಅಜ್ಜಿಯ ಬುಟ್ಟಿ ಎತ್ತಿಸಿದರು. ಈಗ ಅಲ್ಲಿ ಕುಂಡದಲ್ಲಿ ಯಾವುದೋ ಮುಳ್ಳಿನ ಗಿಡ. ಹೂ ಬೇಕಾದರೆ ಆ್ಯಪಲ್ಲಿ ತರಿಸ್ತಾರೆ.

'ನಿನಗೆ ಹೊಟ್ಟೆಕಿಚ್ಚು, ಕೊಳ್ಳೋಕಾಗಲ್ಲ ಅದಕ್ಕೇ' ಅಂತ ಗೆಳೆಯನೊಬ್ಬ ಅಂದ. ಒಪ್ಪಿದೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ :-) ಅಪಾರ್ಟ್‌ಮೆಂಟೇ ಬೇಡ ಅನ್ನೋ ಜಾತಿ ನಂದಲ್ಲ. ಊರು ಬೆಳೆದಾಗ ಮನೆ ಬೇಕೇ ಬೇಕು. ಮಕ್ಕಳು ಅಮೆರಿಕದಲ್ಲಿದ್ದು, ಸೋರುವ ಹೆಂಚಿನ ಮನೆ ಕಾಯುತ್ತಾ ಕೂತ ಮುದುಕರು ಒಳ್ಳೇ ಬೆಲೆಗೆ ಮಾರಿದರೆ ತಪ್ಪೇನು? ಕೇಳ್ತಿರೋದು ಇಷ್ಟೇ. ಬೀದಿ ತೋರಿಸಿ ಮನೆ ಮಾರಿದ ಮೇಲೆ ಆ ಬೀದಿಯನ್ನ ಕೊಲ್ಲಬೇಡಿ.

ನ್ಯೂಯಾರ್ಕಲ್ಲಿ ಕೊನೇಪಕ್ಷ 1982ರಲ್ಲಿ ಲಾಫ್ಟ್ ಕಾನೂನು ಬಂತು, ಮೊದಲಿಂದ ಇದ್ದ ಅನೇಕ ಬಾಡಿಗೆದಾರರಿಗೆ ಒಂದಿಷ್ಟು ರಕ್ಷಣೆ ಸಿಕ್ಕಿತು. ನಮ್ಮಲ್ಲೂ ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಸಮೀಕ್ಷೆ ಮಾಡಿ ಎಲ್ಲರಿಗೂ ಪ್ರಮಾಣಪತ್ರ ಕೊಡೋವರೆಗೆ ಎಬ್ಬಿಸೋ ಹಾಗಿಲ್ಲ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಆ ಸಮಿತಿಯಲ್ಲಿ ನಿವಾಸಿಗಳ ಸಂಘಗಳಿಗೂ ಜಾಗ ಇದೆ. ಅಲ್ಲಿ ಹೋಗಿ ಕೂತು, 'ನಮ್ಮ ಗೇಟಿಂದ ಇಷ್ಟು ದೂರದಲ್ಲಿ ಹೂವಿನವರಿಗೆ ಜಾಗ ಗುರುತು ಮಾಡಿ' ಅಂತ ಕೇಳೋಕೆ ಏನು ಕಷ್ಟ? ದೂರು ಬರೆಯೋ ಕೈಯೇ ಅದನ್ನೂ ಬರೀಬಹುದಲ್ವಾ?

ನಿಮ್ಮಲ್ಲಿ ಯಾರಾದರೂ ಇಂಥ ಮನೆ ನೋಡೋಕೆ ಹೊರಟಿದ್ದರೆ ಮಾದರಿ ಫ್ಲ್ಯಾಟಿನ ಸೋಫಾದಿಂದ ಎದ್ದು ಒಂದು ಸಲ ಕೆಳಗಿಳಿದು ಬನ್ನಿ. ಬೆಳಿಗ್ಗೆ ಆರಕ್ಕೆ ಸೊಪ್ಪಿನವಳು ಕೂಗೋದನ್ನ ಕೇಳಿಸ್ಕೊಳ್ಳಿ. ಅದು ಗಲಾಟೆ ಅನ್ನಿಸಿದರೆ ದಯವಿಟ್ಟು ಕೊಳ್ಳಬೇಡಿ. ಜೀವಂತಿಕೆ ಅನ್ನಿಸಿದರೆ, ಕೊಂಡ ಮೇಲೂ ಹಾಗೇ ಅನ್ನಿಸ್ಕೊಂಡಿರಿ.

ಅಜ್ಜಿಯನ್ನ ಆಮೇಲೆ ನಾನು ನೋಡಿಲ್ಲ. ನಿಮ್ಮ ಬೀದಿಯ ಮೂಲೆಯಲ್ಲಿ ಇನ್ನೂ ಯಾರು ಕೂತಿದ್ದಾರೆ? ಹೇಳಿ..