ಮೀನಿನ ಹೆಸರಿನಲ್ಲಿ ಯಂತ್ರದ ವ್ಯಾಪಾರ

ನಮ್ಮ ಕನ್ನಡ ಬಂಧುಗಳ ಮನೆಗೆ ಹೋದರೆ ಈಗೀಗ ಮೊದಲು ಕಣ್ಣಿಗೆ ಬೀಳುವುದು ಮೀನಿನ ತೊಟ್ಟಿ. ಹಳೆಯ ಶೋಕೇಸಿನ ಜಾಗದಲ್ಲಿ ಗಾಜಿನ ಪೆಟ್ಟಿಗೆ, ಒಳಗೆ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಮುಚ್ಚುವ ಮೊಸಳೆ. ಸಂತೋಷವೇ. ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ಬೆಳೆಯುವ ಮಕ್ಕಳು ಒಂದು ಜೀವವನ್ನಾದರೂ ಹತ್ತಿರದಿಂದ ನೋಡಲಿ. ನಮ್ಮ ತಕರಾರು ಮೀನಿನ ಮೇಲಲ್ಲ. ಮೀನಿನ ಹೆಸರಿನಲ್ಲಿ ನಮ್ಮವರ ತಲೆಗೆ ಕಟ್ಟುತ್ತಿರುವ ನೀರು ಶುದ್ಧಿಯ ಯಂತ್ರಗಳ ಮೇಲೆ.

ಪೆಟ್ಟು ತಿಂದೇ ಈ ಮಾತು ಹೇಳುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ಮಗಳ ಹಟಕ್ಕೆ ಮಣಿದು 60 ಲೀಟರಿನ ತೊಟ್ಟಿಯೊಂದನ್ನು ತಂದೆವು. ನಲ್ಲಿಯ ನೀರು ಹಾಕಿದರೆ ಮೀನು ಉಳಿಯುವುದೇ ಇಲ್ಲವೆಂದು ಅಂಗಡಿಯವರು ಹೆದರಿಸಿದರು. ಒಂದು ಆರ್.ಒ. ಯಂತ್ರ, ಅತಿನೇರಳೆ ದೀಪವಿರುವ ಒಂದು ಫಿಲ್ಟರ್, ಎರಡೂ ನಮ್ಮ ಮನೆ ಸೇರಿದವು. ಬಿಲ್ಲಿನಲ್ಲಿ ಎಲ್ಲಕ್ಕಿಂತ ಅಗ್ಗವಾಗಿದ್ದುದು ಮೀನು! ನೀರು ಸ್ಫಟಿಕದಂತಿತ್ತು. ಅದೇ ದಿನ ಒಂದು ಡಜನ್ ಗಪ್ಪಿ, ಮೊಲಿಗಳನ್ನು ಬಿಟ್ಟೆವು. ಎಂಟು ದಿನ ಕಳೆಯುವಷ್ಟರಲ್ಲಿ ಉಳಿದದ್ದು ಮೂರು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಂಗಡಿಗೆ ಹೋಗಿ ವಿಚಾರಿಸಿದರೆ, ಇನ್ನೂ ದೊಡ್ಡ ಫಿಲ್ಟರೊಂದನ್ನು ಕೆಳಗಿಳಿಸಿ ತೋರಿಸಿದರು.

ಅವರು ಹೇಳದೆ ಬಿಟ್ಟ ಸಂಗತಿ ನಮಗೆ ತಿಳಿದದ್ದು ಆಮೇಲೆ. ಮೀನಿನ ಕಿವಿರಿನಿಂದ, ಮಲದಿಂದ, ತಿನ್ನದೆ ಉಳಿದು ಕೊಳೆಯುವ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ನೀರು ಎಷ್ಟೇ ತಿಳಿಯಾಗಿದ್ದರೂ ಅದು ಅಲ್ಲಿರಬಹುದು. ಸ್ವಲ್ಪ ಹೆಚ್ಚಿದರೂ ಮೀನಿನ ಕಿವಿರು ಸುಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟೂ ವಿಷವೇ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ. ವಾರಕ್ಕೊಮ್ಮೆ ತೊಟ್ಟಿಯ ಕಾಲು ಭಾಗ ನೀರು ಬದಲಿಸಿದರೆ ಹಿಡಿತದಲ್ಲಿರುತ್ತದೆ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ನೆಲೆಯೂರಲು 4ರಿಂದ 6 ವಾರ ಬೇಕು. ನಮ್ಮ ಒಂಬತ್ತು ಮೀನುಗಳು ಸತ್ತದ್ದು ಯಂತ್ರ ಸಾಲದೆ ಅಲ್ಲ, ನಾವು ಈ ವಾರಗಳನ್ನು ಕಾಯದೆ.

ಹಾಗಾದರೆ ಆ ಯಂತ್ರಗಳು ಮಾಡಿದ್ದೇನು? ಅತಿನೇರಳೆ ದೀಪ ತನ್ನ ಮುಂದೆ ಹಾದುಹೋಗುವ ಹಸಿರು ಪಾಚಿಯನ್ನೂ ಕೆಲವು ರೋಗಾಣುಗಳನ್ನೂ ಕೊಲ್ಲುತ್ತದೆ. ಅಮೋನಿಯಾದ ಗೋಜಿಗೆ ಹೋಗುವುದಿಲ್ಲ. ಆರ್.ಒ. ಶುದ್ಧಿ ಮಾಡುವುದು ತೊಟ್ಟಿಗೆ ಸುರಿಯುವ ನೀರನ್ನು. ವಿಷ ಹುಟ್ಟುವುದು ಸುರಿದ ಮೇಲೆ! ಸಾಲದ್ದಕ್ಕೆ ಅದು ನೀರಿನಲ್ಲಿ ಕರಗಿದ ಲವಣಗಳನ್ನೆಲ್ಲ ಬಹುಮಟ್ಟಿಗೆ ಕಸಿದುಬಿಡುತ್ತದೆ. ಗಪ್ಪಿ, ಮೊಲಿಗಳಿಗೋ ಲವಣವಿರುವ ಗಡಸು ನೀರೇ ಇಷ್ಟ. ಲವಣ ಹೋದ ನೀರಿನ ಆಮ್ಲತೆ ಬೇಗ ಏರುಪೇರಾಗುತ್ತದೆ.

ಮುಂಬಯಿಯ ನೀರು ಬರುವುದು ತುಳಸಿ, ವಿಹಾರ, ತಾನಸಾ, ಮೋಡಕ್ ಸಾಗರ, ವೈತರಣಾ, ಭಾತಸಾ ಜಲಾಶಯಗಳಿಂದ. ಮಳೆಯ ನೀರು, ಮೆದು ನೀರು. ಅದರಿಂದ ಯಾವ ಲವಣವನ್ನು ತೆಗೆಯಬೇಕಾಗಿದೆಯೋ ಮಾರುವವರೇ ಹೇಳಬೇಕು. ಮೀನಿಗೆ ಆಗದಿರುವುದು ನಮ್ಮ ಆರೋಗ್ಯಕ್ಕೆಂದು ಅದರಲ್ಲಿ ಬೆರೆಸುವ ಕ್ಲೋರಿನ್. ಬಕೀಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ಕ್ಲೋರಮೀನ್ ಬೆರೆಸುವ ಕಡೆ ಹಾಗೆ ಹೋಗುವುದಿಲ್ಲ. ಅದಕ್ಕೂ ಅವಸರದವರಿಗೂ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂಬ ಅಗ್ಗದ ಶೀಶೆ ಇದೆ.

ಇನ್ನು ಪೋಲಾಗುವ ನೀರಿನ ಲೆಕ್ಕ. ಮನೆಬಳಕೆಯ ಆರ್.ಒ. ಯಂತ್ರ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ನಮ್ಮ ತೊಟ್ಟಿಯನ್ನು ಒಮ್ಮೆ ತುಂಬಲು ಮೋರಿಗೆ ಹೋದದ್ದು 120 ಲೀಟರಿಗೆ ಕಡಿಮೆ ಇರಲಾರದು. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಎದ್ದು ಡ್ರಮ್ಮು ತುಂಬಿಸುವ ಮನೆಗಳಲ್ಲಿ ಇದು ನಡೆಯುತ್ತಿದೆ! 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು, ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಲವಣವಿರುವ ಕಡೆ ಆರ್.ಒ. ಬಳಕೆಯನ್ನು ನಿಷೇಧಿಸಬೇಕೆಂದು ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಅದು ಮನುಷ್ಯರು ಕುಡಿಯುವ ನೀರಿನ ಮಾತು. ಮನುಷ್ಯರಿಗೇ ಬೇಡವಾದದ್ದು ಗಪ್ಪಿಗೇಕೆ?

ಹೈದರಾಬಾದಿನ, ಚೆನ್ನೈಯ ಬಂಧುಗಳು ಕೊಳವೆ ಬಾವಿಯ ಗಡಸು ನೀರಿನ ಕಷ್ಟ ಹೇಳಬಹುದು. ಒಪ್ಪಿದೆವು. ಆದರೆ ಅಲ್ಲಿಯೂ ನೀರಿಗೆ ಒಗ್ಗುವ ಮೀನನ್ನು ಆರಿಸುವುದು ಸುಲಭವೇ ಹೊರತು ಮೀನಿಗೆ ಒಗ್ಗುವ ನೀರನ್ನು ತಯಾರಿಸುವುದಲ್ಲ. ಡಿಸ್ಕಸ್ ಮೀನಿನ ಮರಿ ಮಾಡಿಸುವವರು, ಸಮುದ್ರದ ಮೀನು ಸಾಕುವವರು ಆರ್.ಒ. ಇಟ್ಟುಕೊಳ್ಳಲಿ, ಅವರ ಪಾಡು ಬೇರೆ.

ನಮ್ಮೂರ ಬಾವಿಯಲ್ಲಿ ಸೊಳ್ಳೆಯ ಮರಿ ತಿನ್ನಲೆಂದು ಮೀನು ಬಿಡುತ್ತಿದ್ದರು. ಅಲ್ಲಿ ಯಾವ ಯಂತ್ರವಿತ್ತು? ನೀರು ಬಹಳ, ಮೀನು ನಾಲ್ಕೇ ನಾಲ್ಕು, ದಿನವೂ ಸೇದುತ್ತಿದ್ದರಿಂದ ಹೊಸ ಒರತೆ.

ಈಗ ನಮ್ಮ ತೊಟ್ಟಿಯಲ್ಲಿರುವುದು ಗಾಳಿ ಪಂಪಿನಿಂದ ನಡೆಯುವ ಒಂದು ಸ್ಪಂಜ್ ಫಿಲ್ಟರ್. ಕೆಲವೇ ನೂರು ರೂಪಾಯಿಯದು. ಸೂಕ್ಷ್ಮಜೀವಿಗಳು ಮನೆ ಮಾಡುವುದು ಆ ಸ್ಪಂಜಿನ ರಂಧ್ರಗಳಲ್ಲಿ. ಅದನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ಕ್ಲೋರಿನ್ ತಾಗಿ ಅವು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಬೇಕು. ಹೊಸದಾಗಿ ಶುರು ಮಾಡುವವರು ಮೊಸರಿಗೆ ಹೆಪ್ಪು ಕೇಳಿ ತರುವಂತೆ, ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯಿಂದ ಒಂದು ಹಳೆಯ ಸ್ಪಂಜಿನ ಚೂರು ಕೇಳಿ ತಂದರೆ ಕಾಯುವ ವಾರಗಳು ಕಡಿಮೆಯಾಗುತ್ತವೆ. ಒಣಗಲು ಬಿಡದೆ ಒದ್ದೆಯಾಗಿಯೇ ಒಯ್ಯಬೇಕು, ಅಷ್ಟೆ. ನಮ್ಮಲ್ಲಿ ಕೇಳಿದವರಿಗೆ ಕೊಡುತ್ತೇವೆ. ಅಟ್ಟದ ಮೇಲಿನ ಆ ಆರ್.ಒ. ಯಂತ್ರವನ್ನು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.